ಗಣಿತ ಪಾಠ: ಮೊದಲು ಮಕ್ಕಳು ಯೋಚಿಸಲಿ, ಸೂತ್ರ ಆಮೇಲೆ ಬರಲಿ (ಶಾಲೆಯ ತರಗತಿಗೂ ಆನ್‌ಲೈನ್ ತರಗತಿಗೂ ಒಂದು ಸಮಗ್ರ ಮಾರ್ಗದರ್ಶಿ)

ಗಣಿತದ ಪಾಠ ಸಾಮಾನ್ಯವಾಗಿ ನಡೆಯುವ ಕ್ರಮ ನಮಗೆಲ್ಲ ಗೊತ್ತು. ಶಿಕ್ಷಕರು ಬೋರ್ಡಿನ ಮೇಲೆ ಸೂತ್ರ ಬರೆಯುತ್ತಾರೆ. ಎರಡು ಲೆಕ್ಕ ಮಾಡಿ ತೋರಿಸುತ್ತಾರೆ. ಅದೇ ತರಹದ ಹತ್ತು ಲೆಕ್ಕ ಮಕ್ಕಳಿಗೆ ಕೊಡುತ್ತಾರೆ. ಮಕ್ಕಳು ಚಕಚಕನೆ ಮಾಡಿ ಮುಗಿಸುತ್ತಾರೆ. ವಾರ ಕಳೆದ ಮೇಲೆ ಅದೇ ಲೆಕ್ಕವನ್ನು ಸ್ವಲ್ಪ ತಿರುಗಿಸಿ ಕೇಳಿ ನೋಡಿ, ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಯಾಕೆಂದರೆ ಆ ಪಾಠದಲ್ಲಿ ಯೋಚಿಸುವ ಕೆಲಸವನ್ನೆಲ್ಲ ಶಿಕ್ಷಕರೇ ಮಾಡಿಬಿಟ್ಟಿದ್ದರು. ಮಕ್ಕಳ ಪಾಲಿಗೆ ಉಳಿದದ್ದು ನೋಡಿ ಬರೆಯುವ ಕೆಲಸ ಮಾತ್ರ.

ಈ ಕ್ರಮವನ್ನು ತಿರುಗಿಸಬೇಕು. ಮೊದಲು ಮಕ್ಕಳ ಕೈಗೆ ಒಂದು ಪ್ರಶ್ನೆ ಸಿಗಲಿ, ಅವರು ಊಹಿಸಲಿ, ಜಗಳವಾಡಲಿ, ಆಮೇಲೆ ಸೂತ್ರ ಬರಲಿ. ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಕಾಗದ, ದಾರ, ಕಡ್ಡಿ, ದಾಳ ಇದ್ದರೆ ಸಾಕು. ಆನ್‌ಲೈನ್ ಆದರೆ ಒಂದು ಫೋನ್ ಕೂಡ ಬೇಕು.

ಹಂತ 1: ಚಟುವಟಿಕೆ ಹುಡುಕುವ ಮೊದಲು ಪ್ರಶ್ನೆ ಹುಡುಕಿ

ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ. ಚೆಂದದ ಆಟ ಕಾಣುತ್ತದೆ, ತರಗತಿಗೆ ತರುತ್ತಾರೆ, ಮಕ್ಕಳು ಖುಷಿಯಾಗಿ ಆಡುತ್ತಾರೆ. ಆದರೆ ಆಟ ಮುಗಿದ ಮೇಲೆ ಅದರಲ್ಲಿ ಗಣಿತ ಎಲ್ಲಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಪಾಠ ತಯಾರಿಸುವಾಗ ಒಂದು ಕಾಗದದ ಮೇಲೆ ಎರಡೇ ಸಾಲು ಬರೆಯಿರಿ. ಮೊದಲನೆಯದು: ಈ ಪಾಠದಲ್ಲಿ ಮಗುವಿಗೆ ಹೊಳೆಯಬೇಕಾದ ಒಂದೇ ಒಂದು ವಿಷಯ ಯಾವುದು? ಎರಡನೆಯದು: ಅದು ಹೊಳೆಯುವಂತೆ ಮಾಡುವ ಪ್ರಶ್ನೆ ಯಾವುದು? ಉದಾಹರಣೆಗೆ ಸುತ್ತಳತೆ ಮತ್ತು ವಿಸ್ತೀರ್ಣದ ಪಾಠ ತೆಗೆದುಕೊಳ್ಳಿ. ಹೊಳೆಯಬೇಕಾದ್ದು, ಸುತ್ತಳತೆ ಒಂದೇ ಇದ್ದರೂ ವಿಸ್ತೀರ್ಣ ಬೇರೆ ಬೇರೆ ಇರಬಹುದು ಅನ್ನುವುದು. ಪ್ರಶ್ನೆ: '24 ಸೆಂಟಿಮೀಟರ್ ದಾರದ ಎರಡು ತುದಿ ಸೇರಿಸಿ ಆಯತ ಮಾಡಿ. ಯಾರ ಆಯತದೊಳಗೆ ಜಾಸ್ತಿ ಜಾಗ ಇದೆ?' 11 ಮತ್ತು 1ರ ಆಯತಕ್ಕೆ ಬರೀ 11 ಚದರ ಸೆಂಟಿಮೀಟರ್, 6 ಮತ್ತು 6ರ ಚೌಕಕ್ಕೆ 36. ದಾರ ಅದೇ, ಜಾಗ ಮೂರು ಪಟ್ಟಿಗಿಂತ ಜಾಸ್ತಿ! ಈ ಆಶ್ಚರ್ಯ ಆದ ಮೇಲೆ ಸೂತ್ರ ಬರೆದರೆ ಅದು ನೆನಪಿನಲ್ಲಿ ನಿಲ್ಲುತ್ತದೆ.

ಒಳ್ಳೆಯ ಪ್ರಶ್ನೆಗೆ ಒಂದು ಗುರುತಿದೆ. ತರಗತಿಯಲ್ಲಿ ಹಿಂದುಳಿದ ಮಗುವೂ ಅದನ್ನು ಶುರು ಮಾಡಬಹುದು, ಚುರುಕಾದ ಮಗುವಿಗೂ ಅದು ಬೇಗ ಮುಗಿಯುವುದಿಲ್ಲ.

ಹಂತ 2: ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಡಿ

ಪಾಠ ಶುರುವಾಗುವ ಮೊದಲು ಒಂದು ಸಣ್ಣ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿರಿ. 18 × 5 ಅನ್ನಿ. ಪೆನ್ನು, ಪೆನ್ಸಿಲ್ ಯಾರೂ ಮುಟ್ಟಬಾರದು. ಉತ್ತರ ಸಿಕ್ಕವರು ಕೈ ಎತ್ತುವುದೂ ಬೇಡ, ಎದೆಯ ಹತ್ತಿರ ಹೆಬ್ಬೆರಳು ತೋರಿಸಿದರೆ ಸಾಕು. ಕೈ ಎತ್ತಿದರೆ ಇನ್ನೂ ಯೋಚಿಸುತ್ತಿರುವ ಮಗು ಅಲ್ಲಿಗೇ ಯೋಚನೆ ಬಿಟ್ಟುಬಿಡುತ್ತದೆ.

ಎಲ್ಲರಿಗೂ ಉತ್ತರ ಸಿಕ್ಕ ಮೇಲೆ 'ಎಷ್ಟು ಬಂತು?' ಎಂದು ಕೇಳಿ, ಬಂದ ಉತ್ತರಗಳನ್ನೆಲ್ಲ ಬರೆಯಿರಿ. ಆಮೇಲೆ ನಿಜವಾದ ಪ್ರಶ್ನೆ ಕೇಳಿ: 'ನೀನು ಹೇಗೆ ಮಾಡಿದೆ?' ಒಬ್ಬಳು ಹತ್ತೈದ್ಲಿ ಐವತ್ತು, ಎಂಟೈದ್ಲಿ ನಲವತ್ತು, ಒಟ್ಟು ತೊಂಬತ್ತು ಅನ್ನುತ್ತಾಳೆ. ಇನ್ನೊಬ್ಬ 20 × 5 ಅಂದರೆ 100, ಅದರಲ್ಲಿ ಎರಡು ಐದು ಕಳೆದೆ ಅನ್ನುತ್ತಾನೆ. ಮೂಲೆಯಲ್ಲಿ ಕೂತವನು 18ನ್ನು ಅರ್ಧ ಮಾಡಿ 5ನ್ನು ಎರಡರಷ್ಟು ಮಾಡಿದೆ, 9 × 10 ಅನ್ನುತ್ತಾನೆ. ಪ್ರತಿಯೊಂದನ್ನೂ ಹೇಳಿದವರ ಹೆಸರಿನ ಜೊತೆ ಬರೆಯಿರಿ. ಗಣಿತದಲ್ಲಿ ಒಂದೇ ದಾರಿ ಇರುವುದು ಅನ್ನುವ ನಂಬಿಕೆ ಹೋಗಲು ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಇನ್ನೊಂದು ದಿನ ನಾಲ್ಕು ಸಂಖ್ಯೆ ಕೊಡಿ: 2, 9, 15, 21. ಗುಂಪಿಗೆ ಸೇರದ್ದು ಯಾವುದು? ಸಮಸಂಖ್ಯೆ ಇರುವುದು ಒಂದೇ, ಹಾಗಾಗಿ 2 ಎನ್ನಬಹುದು. ವರ್ಗ ಸಂಖ್ಯೆ 9 ಒಂದೇ. 5ರ ಮಗ್ಗಿಯಲ್ಲಿ ಬರುವುದು 15 ಒಂದೇ. 7ರ ಮಗ್ಗಿಯಲ್ಲಿ ಬರುವುದು 21 ಒಂದೇ. ನಾಲ್ಕೂ ಉತ್ತರ ಸರಿ. ಇಲ್ಲಿ ಬೆಲೆ ಇರುವುದು ಕಾರಣಕ್ಕೆ. ಕೆಲವು ದಿನ ಕಳೆದ ಮೇಲೆ ಇಂಥ ನಾಲ್ಕು ಸಂಖ್ಯೆಗಳನ್ನು ಮಕ್ಕಳೇ ತಯಾರಿಸಿ ತರಲಿ. ಅದು ಬಿಡಿಸುವುದಕ್ಕಿಂತ ಬಹಳ ಕಷ್ಟ, ಬಹಳ ಮಜಾ ಕೂಡ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಮಾತ್ರ ಮರೆಯಬೇಡಿ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಅನ್ನುವುದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸುವ ಮಕ್ಕಳ ಸಂಖ್ಯೆಯೂ ಹೆಚ್ಚಿತು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೊದಮೊದಲು ಆ ಮೌನ ಕಷ್ಟ ಅನಿಸುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಹಂತ 3: ಸೂತ್ರಕ್ಕಿಂತ ಮುಂಚೆ ಕೈಗೆ ಕೆಲಸ

ಇಲ್ಲಿ ಎರಡು ಚಟುವಟಿಕೆಗಳನ್ನು ಪೂರ್ತಿಯಾಗಿ ಹೇಳುತ್ತೇನೆ. ಉಳಿದವನ್ನು ನೀವು ಇದೇ ಅಚ್ಚಿನಲ್ಲಿ ಕಟ್ಟಿಕೊಳ್ಳಬಹುದು.

ಮೊದಲನೆಯದು ದಾಳದ ಓಟ, ಸಂಭವನೀಯತೆಯ ಪಾಠಕ್ಕೆ. ಬೋರ್ಡಿನ ಮೇಲೆ 1ರಿಂದ 12ರವರೆಗೆ ಹನ್ನೆರಡು ಓಟದ ಸಾಲು ಎಳೆಯಿರಿ. ಪ್ರತಿ ಸಾಲಿನಲ್ಲಿ ಹತ್ತು ಮನೆ. ಪ್ರತಿ ಗುಂಪು ಒಂದು ಸಂಖ್ಯೆ ಆರಿಸಿಕೊಳ್ಳಲಿ. ಎರಡು ದಾಳ ಒಟ್ಟಿಗೆ ಹಾಕಿ, ಬಂದ ಮೊತ್ತದ ಸಾಲು ಒಂದು ಮನೆ ಮುಂದೆ ಹೋಗುತ್ತದೆ. ಮೊದಲು ಕೊನೆ ಮುಟ್ಟಿದವರು ಗೆದ್ದರು.

ಬೇಕಂತಲೇ 1ನ್ನೂ ಪಟ್ಟಿಯಲ್ಲಿ ಇಡಿ, ಏನೂ ಹೇಳಬೇಡಿ. ಅದನ್ನು ಆರಿಸಿದ ಗುಂಪು ಸ್ವಲ್ಪ ಹೊತ್ತು ಕಾದು, ಇದ್ದಕ್ಕಿದ್ದಂತೆ 'ಟೀಚರ್, ನಮ್ಮದು ಬರೋದೇ ಇಲ್ಲ!' ಎಂದು ಕೂಗುತ್ತದೆ. ಯಾಕೆ ಬರುವುದಿಲ್ಲ ಅಂತ ಅವರೇ ವಿವರಿಸಲಿ. ಆಟ ಮುಂದುವರಿದಂತೆ 6, 7, 8 ಓಡುತ್ತವೆ, 2 ಮತ್ತು 12 ಕೂತಲ್ಲೇ ಇರುತ್ತವೆ. ಎರಡನೇ ಆಟಕ್ಕೆ ಸಂಖ್ಯೆ ಬದಲಿಸಲು ಅವಕಾಶ ಕೊಡಿ. ಈಗ ಎಲ್ಲರಿಗೂ 7 ಬೇಕು. ಯಾಕೆ 7?

ಇಲ್ಲಿ 6 × 6 ಚೌಕಗಳ ಕೋಷ್ಟಕ ಬರಲಿ. ಒಂದು ದಾಳದ ಸಂಖ್ಯೆ ಅಡ್ಡಕ್ಕೆ, ಇನ್ನೊಂದರದ್ದು ಉದ್ದಕ್ಕೆ. ಮನೆಗಳಲ್ಲಿ ಮೊತ್ತ ತುಂಬಿದರೆ 36 ಮನೆಗಳಲ್ಲಿ 7 ಆರು ಸಲ, 6 ಮತ್ತು 8 ಐದೈದು ಸಲ, 2 ಮತ್ತು 12 ಒಂದೊಂದೇ ಸಲ ಬರುತ್ತವೆ. 3 + 4 ಮತ್ತು 4 + 3 ಒಂದೇ ಅಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಕೆಂಪು, ಒಂದು ಬಿಳಿ ದಾಳ ತೆಗೆದುಕೊಂಡರೆ ಆ ಗೊಂದಲ ತಾನಾಗಿ ಕರಗುತ್ತದೆ. ಒಂದೊಂದು ಸಲ 7ರ ಬದಲು 5 ಅಥವಾ 9 ಗೆಲ್ಲುತ್ತದೆ. ಅದನ್ನು ಮುಚ್ಚಿಡಬೇಡಿ. ಸಾಧ್ಯತೆ ಜಾಸ್ತಿ ಇದ್ದ ಮಾತ್ರಕ್ಕೆ ಅದೇ ಆಗಬೇಕೆಂದಿಲ್ಲ ಅನ್ನುವುದು ಸಂಭವನೀಯತೆಯ ಜೀವಾಳ.

ಬೇಗ ಮುಗಿಸಿದವರಿಗೆ: ಮೊತ್ತದ ಬದಲು ವ್ಯತ್ಯಾಸ ತೆಗೆದುಕೊಂಡರೆ ಯಾವ ಸಂಖ್ಯೆ ಗೆಲ್ಲುತ್ತದೆ? ಹೆಚ್ಚಿನವರು 0 ಅಂತ ಊಹಿಸುತ್ತಾರೆ. ಕೋಷ್ಟಕ ತುಂಬಿದರೆ 0ಗೆ 6 ಮನೆ, 1ಕ್ಕೆ 10 ಮನೆ!

ಎರಡನೆಯದು ಕಡ್ಡಿಗಳ ಚೌಕ, ಬೀಜಗಣಿತಕ್ಕೆ. ನಾಲ್ಕು ಕಡ್ಡಿಯಿಂದ ಒಂದು ಚೌಕ. ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು ಚೌಕ ಮಾಡಿದರೆ ಒಟ್ಟು ಏಳು ಕಡ್ಡಿ. ಮೂರು ಚೌಕಕ್ಕೆ ಹತ್ತು. 'ಇಪ್ಪತ್ತು ಚೌಕಕ್ಕೆ ಎಷ್ಟು ಕಡ್ಡಿ ಬೇಕು? ಎಲ್ಲವನ್ನೂ ಜೋಡಿಸದೆ ಹೇಳಿ.' ಅಷ್ಟು ಹೇಳಿ ಸುಮ್ಮನಿದ್ದುಬಿಡಿ.

ಉತ್ತರ 61 ಅಂತ ಬಂದಾಗ ಅಲ್ಲಿಗೆ ನಿಲ್ಲಿಸಬೇಡಿ. 'ನಿನಗೆ ಚಿತ್ರ ಹೇಗೆ ಕಂಡಿತು? ಬಣ್ಣ ಹಾಕಿ ತೋರಿಸು' ಅನ್ನಿ. ಒಬ್ಬಳಿಗೆ ಮೊದಲು ಒಂದು ಒಂಟಿ ಕಡ್ಡಿ, ಆಮೇಲೆ ಮೂರು ಮೂರು ಕಡ್ಡಿ ಸೇರುತ್ತಾ ಹೋದಂತೆ ಕಂಡಿರುತ್ತದೆ: 1 + 3 × 20. ಇನ್ನೊಬ್ಬನಿಗೆ ಮೊದಲ ಚೌಕಕ್ಕೆ ನಾಲ್ಕು, ಉಳಿದ 19ಕ್ಕೆ ಮೂರು ಮೂರು: 4 + 3 × 19. ಮತ್ತೊಬ್ಬಳು ಮೇಲಿನ ಸಾಲು 20, ಕೆಳಗಿನ ಸಾಲು 20, ನಿಂತ ಕಡ್ಡಿಗಳು 21 ಅಂತ ಎಣಿಸಿರುತ್ತಾಳೆ. ಇನ್ಯಾರೋ ಪ್ರತಿ ಚೌಕಕ್ಕೂ ನಾಲ್ಕು ಹಿಡಿದು, ಎರಡೆರಡು ಸಲ ಎಣಿಸಿದ 19 ಕಡ್ಡಿಗಳನ್ನು ಕಳೆದಿರುತ್ತಾರೆ: 80 − 19. ನಾಲ್ಕು ಚಿತ್ರ, ನಾಲ್ಕು ಲೆಕ್ಕ, ಉತ್ತರ ಒಂದೇ.

ಈಗ ಚೌಕಗಳ ಸಂಖ್ಯೆ ಎಷ್ಟಾದರೂ ಇರಬಹುದು, ಅದಕ್ಕೆ ಒಂದು ಅಕ್ಷರ ಇಡೋಣ ಅನ್ನಿ. 'ಚೌಕಗಳ ಮೂರರಷ್ಟಕ್ಕೆ ಒಂದು ಕೂಡಿಸು' ಎಂದು ಮಕ್ಕಳು ಮೊದಲು ಮಾತಿನಲ್ಲಿ ಹೇಳಲಿ, ಆಮೇಲೆ ಚಿಹ್ನೆಯಲ್ಲಿ ಬರೆಯಲಿ. ನಾಲ್ಕೂ ಬೀಜೋಕ್ತಿಗಳನ್ನು ಸುಲಭರೂಪಕ್ಕೆ ತಂದರೆ ಒಂದೇ ಆಗುತ್ತವೆ ಅನ್ನುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಸುಲಭೀಕರಿಸುವುದು ಯಾಕೆ ಬೇಕು ಅನ್ನುವ ಪ್ರಶ್ನೆಗೆ ಇದೇ ಉತ್ತರ. ಬೀಜಗಣಿತಕ್ಕೆ ಹೆದರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಅಕ್ಷರ ಎಲ್ಲಿಂದ ಬಂತು ಅನ್ನುವುದೇ ಗೊತ್ತಿರುವುದಿಲ್ಲ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಕಾಗದದ ತ್ರಿಭುಜ ಕತ್ತರಿಸಿ, ಮೂರು ಮೂಲೆಗೂ ಗುರುತು ಹಾಕಿ, ಮೂಲೆಗಳನ್ನು ಹರಿದು ಪಕ್ಕಪಕ್ಕ ಜೋಡಿಸಿದರೆ ಸರಳರೇಖೆ ಸಿಗುತ್ತದೆ, ಅಂದರೆ ಮೂರು ಕೋನ ಸೇರಿ 180 ಡಿಗ್ರಿ. ಪ್ರತಿ ಮಗುವಿನ ತ್ರಿಭುಜ ಬೇರೆ ಇರಬೇಕು, ಆಗಲೇ ಅದಕ್ಕೆ ತೂಕ. ಹರಿದು ನೋಡಿದ್ದು ಗಣಿತದ ಸಾಧನೆ (ಪುರಾವೆ) ಆಗುವುದಿಲ್ಲ ಅನ್ನುವುದನ್ನೂ ಹೇಳಿ, ಮರುದಿನ ಸಮಾಂತರ ರೇಖೆ ಎಳೆದು ಸಾಧಿಸಿ. ಘಾತಾಂಕಕ್ಕೆ ಕಾಗದ ಮಡಚುವುದು: 0.1 ಮಿಲಿಮೀಟರ್ ದಪ್ಪದ ಹಾಳೆಯನ್ನು 42 ಸಲ ಮಡಚಲು ಸಾಧ್ಯವಾದರೆ ಎಷ್ಟು ದಪ್ಪ ಆಗುತ್ತದೆ? ಎಲ್ಲರೂ ಮೊದಲು ಊಹೆ ಬರೆಯಲಿ. ಲೆಕ್ಕ ಹಾಕಿದರೆ ಸುಮಾರು 4 ಲಕ್ಷ 40 ಸಾವಿರ ಕಿಲೋಮೀಟರ್. ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರ್, ಅದನ್ನೂ ದಾಟುತ್ತದೆ.

ಕಳೆಯುವ ಲೆಕ್ಕದ ಅಭ್ಯಾಸಕ್ಕೆ ಕಾಪ್ರೇಕರ್ ಸ್ಥಿರಾಂಕವನ್ನು ಮೀರಿಸುವುದು ಇಲ್ಲ. ಎಲ್ಲ ಅಂಕಿಗಳೂ ಒಂದೇ ಅಲ್ಲದ ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, 3524 ಅನ್ನೋಣ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು ಏರಿಕೆ ಕ್ರಮದ್ದನ್ನು ಕಳೆಯಿರಿ: 5432 − 2345 = 3087. ಮತ್ತೆ 8730 − 0378 = 8352. ಮತ್ತೆ 8532 − 2358 = 6174. ಇನ್ನು ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಇಲ್ಲಿಗೇ ಬರುತ್ತದೆ. 1949ರಲ್ಲಿ ಇದನ್ನು ಜಗತ್ತಿಗೆ ಹೇಳಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಶಾಲಾ ಮೇಷ್ಟ್ರಾಗಿದ್ದರು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಮೂರಂಕಿ ಸಂಖ್ಯೆಗೂ ಇಂಥದ್ದೊಂದು ಇದೆಯಾ ಅಂತ ಹುಡುಕಲು ಬಿಡಿ. ಇದೆ, 495.

ಹಂತ 4: ಮೂವರ ಗುಂಪು, ಒಂದೇ ಪೆನ್ನು, ನಿಂತು ಕೆಲಸ

ಗುಂಪಿಗೆ ಮೂವರು ಸಾಕು. ಐದು ಜನ ಆದರೆ ಇಬ್ಬರು ನೋಡುತ್ತಾ ಕೂರುತ್ತಾರೆ. ಗುಂಪುಗಳನ್ನು ಚೀಟಿ ಎತ್ತಿ ಮಾಡಿ, ಪ್ರತಿ ಸಲ ಬದಲಾಗಲಿ. ಗೆಳೆಯರೇ ಯಾವಾಗಲೂ ಒಟ್ಟಿಗೆ ಕೂತರೆ ಒಬ್ಬರು ಯೋಚಿಸುವುದು, ಇಬ್ಬರು ನೋಡಿ ಬರೆಯುವುದು ಖಾಯಂ ಆಗುತ್ತದೆ.

ಸಾಧ್ಯವಿದ್ದರೆ ಮಕ್ಕಳು ನಿಂತು ಗೋಡೆ ಬೋರ್ಡಿನ ಮೇಲೆ ಬರೆಯಲಿ. ಬೋರ್ಡು ಸಾಲದಿದ್ದರೆ ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಗೋಡೆಗೆ ಅಂಟಿಸಿ. ಅಳಿಸಬಹುದಾದ ಕಡೆ ಬರೆಯುವಾಗ ಮಕ್ಕಳಿಗೆ ತಪ್ಪಿನ ಭಯ ಕಡಿಮೆ. ನಿಮಗೂ ಒಂದು ಲಾಭ ಇದೆ: ಕೋಣೆಯ ಮಧ್ಯೆ ನಿಂತು ಒಂದು ಸುತ್ತು ತಿರುಗಿದರೆ ಯಾವ ಗುಂಪು ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಾಣುತ್ತದೆ. ಪೆನ್ನು ಗುಂಪಿಗೆ ಒಂದೇ. ಪೆನ್ನು ಹಿಡಿದವರು ತಮ್ಮ ಯೋಚನೆ ಬರೆಯುವಂತಿಲ್ಲ, ಉಳಿದಿಬ್ಬರು ಹೇಳಿದ್ದನ್ನು ಮಾತ್ರ ಬರೆಯಬೇಕು. ಈ ಸಣ್ಣ ನಿಯಮದಿಂದ ಮಾತು ಹುಟ್ಟುತ್ತದೆ.

ಸಿಕ್ಕಿಕೊಂಡ ಗುಂಪಿಗೆ ದಾರಿ ಹೇಳಿಬಿಡುವ ಆಸೆ ತಡೆದುಕೊಳ್ಳಿ. 'ಸಣ್ಣ ಸಂಖ್ಯೆ ಇಟ್ಟು ನೋಡಿದಿರಾ?', 'ಚಿತ್ರ ಬರೆದರೆ ಹೇಗೆ?', 'ಪಕ್ಕದ ಗುಂಪು ಏನು ಮಾಡಿದೆ, ಹೋಗಿ ನೋಡಿ ಬನ್ನಿ.' ಬಹುತೇಕ ಸಲ ಈ ಮೂರು ಮಾತು ಸಾಕು.

ಹಂತ 5: ತಪ್ಪನ್ನು ಪಾಠವಾಗಿಸಿ

ಸರಿ ಉತ್ತರ ಬಂದರೆ ಮಗುವಿಗೆ ಅರ್ಥವಾಗಿದೆ ಅಂತ ಹೇಳಲಾಗದು. ತಪ್ಪು ಉತ್ತರದಲ್ಲಿ ಮಗುವಿನ ಯೋಚನೆ ಸ್ಪಷ್ಟವಾಗಿ ಕಾಣುತ್ತದೆ, ಪ್ರಶ್ನೆಯನ್ನು ಹಾಗೆ ಕಟ್ಟಿದ್ದರೆ.

ಈ ಪ್ರಶ್ನೆ ನೋಡಿ. 0.4, 0.62, 0.125 ಇವುಗಳಲ್ಲಿ ದೊಡ್ಡದು ಯಾವುದು? 0.125 ಅಂದ ಮಗು ಬಿಂದುವಿನ ಆಚೆಗಿನ 125ನ್ನು ಪೂರ್ಣ ಸಂಖ್ಯೆಯಂತೆ ಓದಿದೆ. 0.4 ಅಂದ ಮಗುವಿನ ತಲೆಯಲ್ಲಿ ಬೇರೆಯೇ ಯೋಚನೆ: ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು, ಹಾಗಾಗಿ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು! ಎರಡೂ ತಪ್ಪು, ಆದರೆ ಎರಡಕ್ಕೂ ಒಂದೇ ಮದ್ದು ಆಗುವುದಿಲ್ಲ. ಮೊದಲನೆಯ ಮಗುವಿಗೆ ಸ್ಥಾನಬೆಲೆ ಬೇಕು. ಎರಡನೆಯದಕ್ಕೆ ಹತ್ತನೇ ಭಾಗ ನಾಲ್ಕು ಇವೆ, ನೂರನೇ ಭಾಗ ಅರವತ್ತೆರಡು ಇವೆ ಎಂದು ನೂರು ಮನೆಯ ಚೌಕದಲ್ಲಿ ಬಣ್ಣ ಹಾಕಿಸಬೇಕು. ಪ್ರತಿ ತಪ್ಪು ಆಯ್ಕೆಯೂ ಒಂದೊಂದು ತಪ್ಪು ತಿಳಿವಳಿಕೆಗೆ ಕನ್ನಡಿ ಆಗಿರಬೇಕು. ಇಂಥ ಒಂದು ಪ್ರಶ್ನೆ ಹತ್ತು ಲೆಕ್ಕಕ್ಕೆ ಸಮ.

ಇನ್ನೊಂದು ರೀತಿ: 1/2 + 1/3 = 2/5 ಎಂದು ಬೋರ್ಡಿನ ಮೇಲೆ ಬರೆದು, ಯಾರೋ ಹೀಗೆ ಮಾಡಿದ್ದಾರೆ, ಇದರಲ್ಲಿ ಏನು ಸರಿ ಇದೆ, ಎಲ್ಲಿ ದಾರಿ ತಪ್ಪಿತು ಅಂತ ಕೇಳಿ. 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಇಷ್ಟು ಮಗುವಿಗೆ ಹೊಳೆದರೆ ಛೇದ ಸಮ ಮಾಡುವ ವಿಧಾನ ಕಲಿಯಲು ಅದು ತಾನಾಗಿ ತಯಾರಾಗುತ್ತದೆ. ತಪ್ಪು ಮಾಡಿದ ಮಗುವಿನ ಹೆಸರು ಮಾತ್ರ ಹೇಳಬೇಡಿ, ಅಕ್ಷರ ಗುರುತು ಸಿಗದಂತೆ ನೀವೇ ಬರೆಯಿರಿ.

ಗಡಿಯಾರ ಹಿಡಿದು ನಡೆಸುವ ಲೆಕ್ಕದ ಸ್ಪರ್ಧೆಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ತರಗತಿಯಲ್ಲಿ ಬೇಡ. ಮೊದಲೇ ಬೇಗ ಮಾಡುವ ಮಕ್ಕಳಿಗೆ ಅದರಿಂದ ಖುಷಿ, ಉಳಿದವರಿಗೆ ತಮಗೆ ಗಣಿತ ಬರುವುದಿಲ್ಲ ಅನ್ನುವುದು ಮತ್ತೆ ಗಟ್ಟಿ. ಮಗ್ಗಿ ಬಾಯಿಗೆ ಬರಬೇಕು, ನಿಜ. ಅದಕ್ಕೆ ಮೇಲೆ ಹೇಳಿದ ಐದು ನಿಮಿಷದ ಅಭ್ಯಾಸ ದಿನವೂ ನಡೆದರೆ ಸಾಕು.

ಹಂತ 6: ಇದನ್ನೆಲ್ಲ ಆನ್‌ಲೈನ್‌ಗೆ ತರುವುದು

ಆನ್‌ಲೈನ್ ತರಗತಿಯ ದೊಡ್ಡ ತೊಂದರೆ ಮಕ್ಕಳ ಮುಖ ಕಾಣದಿರುವುದಲ್ಲ, ಅವರ ಬರಹ ಕಾಣದಿರುವುದು. ಹಾಗಾಗಿ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಪ್ರತಿ ಮಗುವಿನಿಂದ ಏನಾದರೂ ನಿಮ್ಮ ಪರದೆಗೆ ಬರುವಂತೆ ಪಾಠ ಕಟ್ಟಿ.

ಚಾಟ್ ಇದಕ್ಕೆ ತುಂಬಾ ಸುಲಭದ ಸಾಧನ. 'ಉತ್ತರ ಟೈಪ್ ಮಾಡಿ, ಆದರೆ ಕಳಿಸಬೇಡಿ. ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ಒತ್ತಿ.' ಒಂದು ನಿಮಿಷ ಬಿಟ್ಟು ಹೇಳಿದಾಗ ಉತ್ತರಗಳೆಲ್ಲ ಒಟ್ಟಿಗೆ ಸುರಿಯುತ್ತವೆ. ಮೊದಲು ಹೇಳಿದವರನ್ನು ನೋಡಿ ಬರೆಯುವ ದಾರಿಯೇ ಇರುವುದಿಲ್ಲ. 0.4, 0.62, 0.125ರ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ. ಬಾಯಿ ತೆರೆಯದ ಮಕ್ಕಳ ಯೋಚನೆಯೂ ನಿಮಗೆ ಸಿಗುತ್ತದೆ. ಶಾಲೆಯ ತರಗತಿಯಲ್ಲೂ ಇಷ್ಟು ಚೆನ್ನಾಗಿ ಸಿಗುವುದು ಕಷ್ಟ.

ಬರೆದು ತೋರಿಸಲು ನಿಮ್ಮ ಫೋನನ್ನೇ ಬಳಸಿ. ಎರಡು ಪುಸ್ತಕದ ಕಟ್ಟುಗಳ ಮೇಲೆ ಒಂದು ಅಡ್ಡಪಟ್ಟಿ ಇಟ್ಟು, ಅದರ ತುದಿಯಲ್ಲಿ ಕ್ಯಾಮೆರಾ ಕೆಳಮುಖವಾಗಿ ಇರುವಂತೆ ಫೋನ್ ಇಡಿ. ಕೆಳಗೆ ಕಾಗದ, ದಪ್ಪ ಪೆನ್ನು. ತಯಾರಾದ ಸ್ಲೈಡ್‌ಗಿಂತ ಕೈಯಲ್ಲಿ ಬರೆಯುತ್ತಾ ಹೋಗುವ ಲೆಕ್ಕವನ್ನು ಹಿಂಬಾಲಿಸುವುದು ಮಕ್ಕಳಿಗೆ ಸುಲಭ. ಮಕ್ಕಳು ಕೂಡ ದಪ್ಪ ಪೆನ್ನಿನಲ್ಲಿ ಬರೆದು ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿಯಲಿ. ತ್ರಿಭುಜ ಹರಿದು ಜೋಡಿಸುವುದನ್ನು ಎಲ್ಲರೂ ಮನೆಯಲ್ಲೇ ಮಾಡಿ ಒಟ್ಟಿಗೆ ತೋರಿಸಿದರೆ ಪರದೆಯ ತುಂಬ ಬೇರೆ ಬೇರೆ ತ್ರಿಭುಜ, ಎಲ್ಲದರ ಅಡಿಯಲ್ಲೂ ಸರಳರೇಖೆ. ಕ್ಯಾಮೆರಾ ಆನ್ ಮಾಡಲೇಬೇಕು ಅಂತ ಒತ್ತಾಯ ಬೇಡ. ಮುಖ ಬೇಡ, ಹಾಳೆ ಮಾತ್ರ ತೋರಿಸಿ ಅಂದರೆ ತುಂಬಾ ಮಕ್ಕಳು ಒಪ್ಪುತ್ತಾರೆ.

ಸಣ್ಣ ಗುಂಪುಗಳ ಕೋಣೆಗೆ (ಬ್ರೇಕ್‌ಔಟ್ ರೂಮ್) ಕಳಿಸುವಾಗ 'ಚರ್ಚೆ ಮಾಡಿ' ಎಂದಷ್ಟೇ ಹೇಳಿದರೆ ಮೌನವೇ ಗತಿ. ಎಲ್ಲರೂ ಬರೆಯಬಹುದಾದ ಒಂದು ಸ್ಲೈಡ್ ಕಡತದಲ್ಲಿ ಪ್ರತಿ ಗುಂಪಿಗೂ ನಂಬರ್ ಹಾಕಿದ ಒಂದು ಪುಟ ಕೊಡಿ. ಏಳು ನಿಮಿಷದಲ್ಲಿ ಆ ಪುಟದಲ್ಲಿ ಚಿತ್ರ ಮತ್ತು ಒಂದು ವಾಕ್ಯ ಇರಬೇಕು. ಕಡ್ಡಿ ಚೌಕಕ್ಕೆ ಇದು ಹೇಳಿ ಮಾಡಿಸಿದಂತಿದೆ. ನೀವು ಯಾವ ಕೋಣೆಗೂ ಹೋಗದೆ ಎಲ್ಲ ಪುಟ ತುಂಬುತ್ತಿರುವುದನ್ನು ನೋಡಬಹುದು, ಖಾಲಿ ಇರುವ ಪುಟದ ಗುಂಪಿಗೆ ಮಾತ್ರ ಹೋಗಬಹುದು.

ಕೆಲವು ವಿಷಯ ಆನ್‌ಲೈನ್‌ನಲ್ಲೇ ಚೆನ್ನ. ಮನೆಯಲ್ಲಿ ದಾಳ ಇಲ್ಲದಿದ್ದರೆ 1ರಿಂದ 6ರವರೆಗಿನ ಚೀಟಿ ಸಾಕು. ಎತ್ತಿದ ಚೀಟಿಯನ್ನು ವಾಪಸ್ ಹಾಕಿಯೇ ಮತ್ತೆ ಎತ್ತಬೇಕು, ಇಲ್ಲದಿದ್ದರೆ 2 ಮತ್ತು 12 ಬರುವುದೇ ಇಲ್ಲ. ಯಾಕೆ ಅಂತ ಅದನ್ನೂ ಕೇಳಿ. ಆಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ಸಾವಿರ ಸಲ ದಾಳ ಹಾಕಿಸಿ. 30 ಸಲ ಹಾಕಿದಾಗ ಅಂಕುಡೊಂಕಾಗಿದ್ದ ಗ್ರಾಫ್ ಈಗ 7ರ ಎರಡೂ ಕಡೆ ಸಮವಾಗಿ ಇಳಿಯುವ ಮೆಟ್ಟಿಲಿನಂತೆ ಕಾಣುತ್ತದೆ. ಗ್ರಾಫ್ ಬಿಡಿಸುವ ತಂತ್ರಾಂಶಗಳಾದ ಜಿಯೋಜೀಬ್ರಾ, ಡೆಸ್ಮೋಸ್ ಎರಡನ್ನೂ ಬ್ರೌಸರ್‌ನಲ್ಲೇ ಉಚಿತವಾಗಿ ಬಳಸಬಹುದು. ರೇಖಾತ್ಮಕ ಸಮೀಕರಣದಲ್ಲಿ ಇಳಿಜಾರಿನ ಸಂಖ್ಯೆಗೆ ಒಂದು ಸ್ಲೈಡರ್ ಇಟ್ಟು, ಎಳೆಯುವ ಮೊದಲು 'ಈಗ ಗೆರೆ ಎತ್ತ ವಾಲುತ್ತದೆ? ಸೊನ್ನೆ ದಾಟಿದರೆ?' ಅಂತ ಕೇಳಿ. ಊಹೆ ಇಲ್ಲದೆ ಸುಮ್ನೆ ಎಳೆದು ತೋರಿಸಿದರೆ ಮಕ್ಕಳು ನೋಡುತ್ತಾರೆ, ಅಷ್ಟೇ.

ಇಂಟರ್ನೆಟ್ ಸರಿ ಇಲ್ಲದ ಮಕ್ಕಳನ್ನು ಮರೆಯಬೇಡಿ. ಪ್ರಶ್ನೆಯನ್ನು ಒಂದು ಚಿತ್ರವಾಗಿ ಮೊದಲೇ ಕಳಿಸಿ. ಅವರು ಉತ್ತರದ ಫೋಟೋ ಅಥವಾ ಒಂದು ನಿಮಿಷದ ಧ್ವನಿ ಸಂದೇಶ ಕಳಿಸಲಿ. ಮಗು ತನ್ನ ಲೆಕ್ಕವನ್ನು ಬಾಯಲ್ಲಿ ವಿವರಿಸಿದಾಗ ಪುಸ್ತಕದಲ್ಲಿ ಕಾಣದ ಎಷ್ಟೋ ಸಂಗತಿ ಕೇಳಿಸುತ್ತದೆ.

ಹಂತ 7: ಹೊರಡುವ ಮೊದಲು ಒಂದು ಚೀಟಿ

ಪಾಠದ ಕೊನೆಯ ಮೂರು ನಿಮಿಷ ಒಂದೇ ಪ್ರಶ್ನೆಗೆ ಮೀಸಲಿಡಿ. ಚಿಕ್ಕ ಚೀಟಿಯಲ್ಲಿ ಬರೆದು ಬಾಗಿಲ ಬಳಿ ಕೊಟ್ಟು ಹೋಗಲಿ. ಆನ್‌ಲೈನ್ ಆದರೆ ಒಂದು ಪ್ರಶ್ನೆಯ ಫಾರ್ಮ್ ಸಾಕು. ಅಂಕ ಕೊಡಬೇಡಿ. ಮೂರು ಕಟ್ಟು ಮಾಡಿ: ಅರ್ಥವಾಗಿದೆ, ದಾರಿ ಸರಿ ಇದ್ದು ಎಡವಿದ್ದಾರೆ, ಇನ್ನೂ ಶುರುವಾಗಿಲ್ಲ. ಮಧ್ಯದ ಕಟ್ಟಿನಿಂದ ಒಂದು ತಪ್ಪನ್ನು ಆರಿಸಿಕೊಳ್ಳಿ. ನಾಳೆಯ ಮೊದಲ ಐದು ನಿಮಿಷಕ್ಕೆ ಅದೇ ಪ್ರಶ್ನೆ. ಮೂರನೆಯ ಕಟ್ಟಿನ ಮಕ್ಕಳನ್ನು, ಉಳಿದವರು ಗುಂಪಿನಲ್ಲಿ ಕೆಲಸ ಮಾಡುವಾಗ, ಹತ್ತು ನಿಮಿಷ ಪಕ್ಕಕ್ಕೆ ಕರೆದು ಕಡ್ಡಿ, ಕಾಗದ ಕೈಗೆ ಕೊಟ್ಟು ಮತ್ತೆ ಮೊದಲಿನಿಂದ ಶುರು ಮಾಡಿ.

ಈ ಏಳೂ ಹಂತಗಳನ್ನು ಒಂದೇ ವಾರದಲ್ಲಿ ತರಲು ಹೋಗಬೇಡಿ. ಮೊದಲ ವಾರ ಐದು ನಿಮಿಷದ ಲೆಕ್ಕ ಮತ್ತು ಕೊನೆಯ ಚೀಟಿ, ಇವೆರಡೇ ಇರಲಿ. ಅವು ಮಕ್ಕಳಿಗೂ ನಿಮಗೂ ರೂಢಿಯಾದ ಮೇಲೆ ತಿಂಗಳಿಗೆ ಒಂದು ಪಾಠ ಆರಿಸಿಕೊಂಡು ಅದನ್ನು ಪ್ರಶ್ನೆಯಿಂದ ಶುರು ಮಾಡಿ ನೋಡಿ.